ಇದರ ಮೇಲೆ ಮಲಗಿದ್ದವರಿಗಾಗಿ

ಲಾಂಡ್ರಿಯ ಹಿಂಬದಿ ಮೆಟ್ಟಿಲು,
ಮಾರ್ಚ್ ೧೪, ಮಂಗಳವಾರ ಸಂಜೆ

ಪ್ರೀತಿಯ ತಮ್ಮಾ,

ಹೇಗಿದ್ದೀಯಪ್ಪಾ? ಕಣ್ಣುರಿ ಕಡಿಮೆಯಾಯಿತಾ? ಮುಖಕ್ಕೆ ಕಪ್ಪುಗಾಜು ಅಡ್ಡ ಹಿಡಿಯದೆ ವೆಲ್ಡಿಂಗ್ ಮಾಡಿ ಹೀರೋ ಆಗಬೇಡ. ನಿನ್ನ ಕಣ್ಣು ಹೋದರೆ ಕಂಪನಿಯವರು ಹೊಸ ಕಣ್ಣು ತರುವುದಿಲ್ಲ, ಹೊಸ ವೆಲ್ಡರನ್ನು ತರುತ್ತಾರೆ. ನಾನು ಚೆನ್ನಾಗಿದ್ದೇನೆ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ. ಅಮ್ಮ ಚೆನ್ನಾಗಿಲ್ಲ. "ಅಮ್ಮ ಸ್ವಲ್ಪ ಹುಷಾರಾಗಲಿ, ಆಮೇಲೆ ಬರ್ತೀನಿ" ಅಂತ ಬರೆದಿದ್ದೀಯಲ್ಲ, ಅದಕ್ಕೆ ನೇರ ಉತ್ತರ ಕೊಡುತ್ತೇನೆ. ಅಮ್ಮ ಹುಷಾರಾಗುವುದಿಲ್ಲ ಕಣೋ. ಗಂಟಲಿನ ಗಡ್ಡೆ ಗೆದ್ದಿದೆ. ನೋವಿನ ಔಷಧಿ ಬಿಟ್ಟು ಉಳಿದದ್ದನ್ನೆಲ್ಲ ಡಾಕ್ಟರು ನಿಲ್ಲಿಸಿದ್ದಾರೆ. ನಾನು ವಾರ್ಡಿನ ಬಾಗಿಲಲ್ಲಿ ಕಂಡರೆ ಅಮ್ಮ ನಗುತ್ತಾಳೆ. ನಕ್ಕು, ನನ್ನ ಹಿಂದೆ ಇನ್ನೂ ಯಾರಾದರೂ ಇದ್ದಾರಾ ಅಂತ ಕತ್ತು ವಾಲಿಸಿ ನೋಡುತ್ತಾಳೆ.

ಇವತ್ತಿನ ದಿನ ಯಾವ ಶತ್ರುವಿಗೂ ಬೇಡ. ಅಮ್ಮ ಇರುವುದು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ನಾನು ಅದೇ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಮಧ್ಯೆ ಮೆಟ್ಟಿಲು, ಮೆಟ್ಟಿಲ ಬಾಯಲ್ಲಿ ನಮ್ಮ ಮೇಸ್ತ್ರಿ. ಮಾತಿಗಿಂತ ಮೊದಲು ಸೀಟಿ ಊದುತ್ತಾನೆ ಅಂತ ಅವನಿಗೆ ಸೀಟಿ ಅನ್ನುವುದೇ ಹೆಸರು. ಬೆಳಿಗ್ಗೆ ನರ್ಸಮ್ಮ ಕೆಳಗಿಳಿದು ಬಂದು "ನಿಮ್ಮಮ್ಮ ನೀರೂ ನುಂಗ್ತಿಲ್ಲ, ಒಂದು ಸಲ ಮುಖ ತೋರಿಸಿ ಹೋಗು" ಅಂದಳು. ಸೀಟಿಯನ್ನು ಕೇಳಿದೆ. ಲಾಂಡ್ರಿ ಬಟ್ಟೆ ಹಾಕಿಕೊಂಡು ವಾರ್ಡಿಗೆ ಹೋಗುವ ಹಾಗಿಲ್ಲ, ಶಿಫ್ಟ್ ಮುಗಿಯಲಿ ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ಸಹಿಸುತ್ತಿದ್ದೆನೇನೋ. "ಬಿಟ್ಟಿ ಹಾಸಿಗೆ ಸಿಕ್ಕಿದೆ, ಮೊದಲು ಕೃತಜ್ಞತೆ ಕಲಿ. ನೀವು ಚರ್ಚಿನವರಲ್ವಾ?" ಅಂದ. ಮೈಯೆಲ್ಲ ಉರಿದುಹೋಯಿತು. ಬಿಟ್ಟಿಯಂತೆ! ಇದೇ ನೆಲಮಾಳಿಗೆಯ ಹಬೆಯಲ್ಲಿ ಅಮ್ಮನ ಆಯಸ್ಸು ಬೆಂದಿದೆ. ಮುಷ್ಕರದ ಕಾಲದಲ್ಲಿ ಮ್ಯಾನೇಜರು ಇದೇ ಕೃತಜ್ಞತೆಯ ಪಾಠ ಶುರುಮಾಡಿದಾಗ ಅವಳು ಏನಂದಿದ್ದಳು ನೆನಪಿದೆಯಾ? "ಕೂಲಿ ನನ್ನ ಬೆವರಿಂದ ಬಂದದ್ದು, ಅದಕ್ಕೆ ನಿಮಗ್ಯಾಕೆ ಸ್ತೋತ್ರ? ಬೆವರೋ ಮೈ ಕೊಟ್ಟೋನಿಗೆ ಹೇಳ್ತೀನಿ. ಅವನೇನು ನಿಮ್ಮ ಆಫೀಸಲ್ಲಿ ಕೂತಿಲ್ಲ." ಸೀಟಿಗೆ ಅದನ್ನೇ ಹೇಳಬೇಕಿತ್ತು. ಹಲ್ಲು ಕಚ್ಚಿಕೊಂಡು ಬೆಡ್‌ಶೀಟ್ ಮಡಿಸಲು ಹೋದೆ.

ಮಡಿಸುವಾಗ ಅಮ್ಮ ಹಾಕಿಕೊಟ್ಟ ಒಂದು ಪದ್ಧತಿ ಇನ್ನೂ ನಡೆದಿದೆ. ಶೀಟಿನ ಎರಡು ತುದಿ ಹಿಡಿದು ಇಬ್ಬರು ಎದುರುಬದುರು ನಡೆದು ಬರುತ್ತಾರೆ. ಅಂಚಿಗೆ ಅಂಚು ಸೇರಿದಾಗ ಒಬ್ಬಳು "ಇದರ ಮೇಲೆ ಮಲಗಿದ್ದವರಿಗಾಗಿ" ಅನ್ನುತ್ತಾಳೆ, ಇನ್ನೊಬ್ಬಳು "ಸ್ತೋತ್ರ" ಅನ್ನಬೇಕು. ಬದುಕಿ ಮನೆಗೆ ಹೋದರೋ, ಮುಸುಕು ಹಾಕಿಸಿಕೊಂಡು ಹೋದರೋ, ಕೇಳುವ ಹಾಗಿಲ್ಲ. ನಾನು ಯಾವತ್ತೂ ಬರೀ "ಹೂಂ" ಅನ್ನುತ್ತಿದ್ದವಳು. ಬಡವರ ಬಾಯಿಗೆ ಸ್ತೋತ್ರ ತುರುಕಿ ಬಾಯಿ ಮುಚ್ಚಿಸುತ್ತಾರೆ ಅನ್ನುವ ಸಿಟ್ಟು ನನ್ನದು. ಮಡಿಸುವಾಗ ನನ್ನ ಜೋಡಿಯಾಗುವ, ನಮ್ಮೆಲ್ಲರಿಗಿಂತ ಎತ್ತರದ ಉದ್ದಕ್ಕ ಯಾವ ಚರ್ಚಿನವಳೂ ಅಲ್ಲ, "ನನಗೂ ದೇವರಿಗೂ ಮಾತುಕತೆ ಇಲ್ಲಮ್ಮ" ಅನ್ನುವವಳು, ಆದರೂ ಅಮ್ಮನ ಮೇಲಿನ ಪ್ರೀತಿಗೆ ತಪ್ಪದೆ ಹೇಳುತ್ತಾಳೆ. ಇವತ್ತು ಬಂದದ್ದು ಮೂರನೇ ಮಹಡಿಯ ಹೆಂಗಸರ ವಾರ್ಡಿನ ಗಂಟು. ಉದ್ದಕ್ಕ ಅಭ್ಯಾಸಬಲದಿಂದ "ಇದರ ಮೇಲೆ ಮಲಗಿದ್ದವರಿಗಾಗಿ" ಅಂದವಳೇ ನಾಲಗೆ ಕಚ್ಚಿಕೊಂಡಳು. ಅದು ಅಮ್ಮನದೇ ಇರಬಹುದು, ಪಕ್ಕದವಳದೂ ಇರಬಹುದು, ಬಿಳಿ ಬಟ್ಟೆಗೆ ಗುರುತೆಲ್ಲಿ? ನನಗೆ ಹೂಂ ಅನ್ನಲಾಗಲಿಲ್ಲ ತಮ್ಮಾ. ನಮ್ಮಿಬ್ಬರನ್ನೂ ಒಂದೇ ಕಂಬಳಿಯಲ್ಲಿ ಸುತ್ತಿ ತಾನು ಗೋಣಿ ಹೊದ್ದು ಮಲಗಿದವಳಿಗಾಗಿ ಸ್ತೋತ್ರ ಅಂದೆ. ಸುಳ್ಳು ಹೇಳಿದ್ದಕ್ಕೆ ಬಾರಿಸಿ, ಆಮೇಲೆ ನಮಗಿಂತ ಜೋರಾಗಿ ಅತ್ತವಳಿಗಾಗಿ ಸ್ತೋತ್ರ. ರಾಗ ತಪ್ಪಿ ಹಾಡಿ ಇಡೀ ಸಭೆಯನ್ನೇ ದಾರಿ ತಪ್ಪಿಸುತ್ತಿದ್ದವಳಿಗಾಗಿ ಸ್ತೋತ್ರ ಕರ್ತನೇ ಅಂತ ಹೇಳಿ ನಕ್ಕೆ, ನಗುತ್ತಲೇ ಬಿಕ್ಕಿದೆ. ಇಷ್ಟು ದಿನ ಮೊಣಕಾಲೂರಿ ಉಳಿಸು, ಉಳಿಸು ಅಂತ ಅವನ ಜೊತೆ ಜಗಳವೇ ಆಡುತ್ತಿದ್ದೆ. ಇವತ್ತು ಮೊದಲ ಸಲ ಇಂಥ ಅಮ್ಮನನ್ನು ಕೊಟ್ಟಿದ್ದೀಯಲ್ಲ ಅಂದೆ. ಎದೆಯೊಳಗಿನ ಬಡಿದಾಟ ನಿಂತಿತು. ದುಃಖ ಹಾಗೇ ಇದೆ. ಸೀಟಿಯ ಮೇಲಿನ ಸಿಟ್ಟೂ ಇದೆ, ಅದು ಇರಬೇಕಾದದ್ದೇ. ಆದರೆ ಉಸಿರಾಡಬಹುದು ಅನ್ನಿಸಿತು. ಉದ್ದಕ್ಕ ಶೀಟು ಕೆಳಗಿಟ್ಟು ಸೀದಾ ಹೋಗಿ ಇಸ್ತ್ರಿ ಯಂತ್ರದ ಕೆಂಪು ಗುಂಡಿ ಒತ್ತಿದಳು. "ಇವಳು ಅಮ್ಮನ್ನ ನೋಡಿ ಬರೋವರೆಗೂ ಇದಕ್ಕೂ ರಜಾ." ಸೀಟಿ ಊದಿದ, ಊದಿದ, ಒಬ್ಬಳೂ ಕೈ ಆಡಿಸಲಿಲ್ಲ. ನಾನು ಅದೇ ಲಾಂಡ್ರಿ ಬಟ್ಟೆಯಲ್ಲಿ ಮೆಟ್ಟಿಲು ಹತ್ತಿದೆ.

ಅಮ್ಮನ ತುಟಿ ಒಡೆದಿತ್ತು. ಹತ್ತಿಯಲ್ಲಿ ನೀರು ಅದ್ದಿ ಒತ್ತಿದೆ. ಒಂದು ಹನಿ ಒಳಗೆ ಹೋಗಿರಬೇಕು, "ಸ್ತೋತ್ರ" ಅಂದಳು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು, "ಚಿಕ್ಕೋನಿಗಾಗಿ ಸ್ತೋತ್ರ" ಅಂದಳು. ಬಾರದ ಮಗನಿಗೆ ಸ್ತೋತ್ರವೇ ಅಂತ ನನ್ನ ಮುಖ ಗಂಟಾಗಿದ್ದು ಅವಳಿಗೆ ಕಂಡಿತು. "ಬೈಬೇಡ್ವೇ. ಅವನಿಗೆ ಹೆದರಿಕೆ. ಅಪ್ಪ ಹೋದಾಗಲೂ ಅವನು ಮಂಚದ ಕೆಳಗೆ ಅವಿತಿದ್ದ." ಇಷ್ಟು ಹೇಳುವುದರೊಳಗೆ ಸುಸ್ತಾಗಿ ಕಣ್ಣು ಮುಚ್ಚಿದಳು.

ಉದ್ದಕ್ಕ ನಿನ್ನನ್ನು ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಪಾಪುವಿಗೆ ಅತ್ತೆಯ ಮುತ್ತು. ಕರ್ತನ ಕೈ ನಿನ್ನ ತಲೆಯ ಮೇಲಿರಲಿ, ಕಣ್ಣಿನ ಮೇಲೂ ಇರಲಿ.

ನಿನ್ನ ಅಕ್ಕ

ಮರೆತ ಮಾತು: ಇದನ್ನು ಓದಿದ ಕೂಡಲೇ ಹೊರಡು. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡು ಬರಬೇಡ, ಕೇಳಿಸಿಕೊಳ್ಳುವ ಶಕ್ತಿ ಅವಳಿಗಿಲ್ಲ. ಹೆದರಿಕೆ ಹೋದ ಮೇಲೆ ಬರ್ತೀನಿ ಅಂದರೆ ಅಷ್ಟರಲ್ಲಿ ಅಮ್ಮ ಇರುವುದಿಲ್ಲ. ಹೆದರಿಕೊಂಡೇ ಬಾ. ಊರಿಗೆಲ್ಲ ಜೋರುಬಾಯಿಯವಳು ನಿಮ್ಮಕ್ಕ, ಆದರೆ ಆ ಮಂಚದ ಪಕ್ಕ ಒಬ್ಬಳೇ ಕೂರಲು ನನಗೂ ಆಗುತ್ತಿಲ್ಲ ಕಣೋ.