ಬಹರೇನಿಗೆ ಹೋದ ಕ್ಯಾಸೆಟ್

ಪಾಸ್ಕಲ್,

ನಿನ್ನನ್ನು ಎಬ್ಬಿಸಿದರೆ ಜಗಳವಾಗುತ್ತದೆ. ಅದಕ್ಕೇ ಬರೆದಿಟ್ಟು ಶಾಲೆಗೆ ಹೊರಟಿದ್ದೇನೆ. ಗಂಜಿ ಒಲೆಯ ಮೇಲೆ ಉಂಟು.

ಶಾಲೆಯ ಪ್ರದರ್ಶನಕ್ಕೆಂದು ರಜೆಯಿಡೀ ಕೂತು ಮಾಡಿ ಕ್ಯಾಸೆಟ್ಟಿನಲ್ಲಿ ಉಳಿಸಿಟ್ಟ ಲೆಕ್ಕದ ಆಟವನ್ನು ಕಂಪ್ಯೂಟರಿಗೆ ತುಂಬಿಸೋಣವೆಂದು ನಿನ್ನೆ ಕ್ಯಾಸೆಟ್ ಹಾಕಿದರೆ, ಅಮ್ಮನ ಸ್ವರ! "ಇಮ್ಯಾನುಯೆಲ್, ಬಹರೇನಿನಲ್ಲಿ ಬೂತಾಯಿ ಮೀನು ಸಿಗ್ತದಾ ಮಗಾ?" ಅಣ್ಣನಿಗೆ ಕಳಿಸುವ ಮಾತು ರೆಕಾರ್ಡ್ ಮಾಡಲಿಕ್ಕೆ ನಿನಗೆ ನನ್ನ ಕ್ಯಾಸೆಟ್ಟೇ ಬೇಕಿತ್ತಾ ಮಾರಾಯ? ಯಾರೂ ಅಳಿಸಬಾರದೆಂದು ಅದರ ಅಂಚಿನ ಪ್ಲಾಸ್ಟಿಕ್ ತುಂಡನ್ನು ಮುರಿದಿಟ್ಟಿದ್ದೆ. ನೀನು ಆ ತೂತಿಗೂ ಪ್ಲಾಸ್ಟರ್ ಅಂಟಿಸಿ ರೆಕಾರ್ಡ್ ಮಾಡಿದ್ದೀ!

ಇರಲಿ, ಇನ್ನೊಂದು ಪ್ರತಿ ಉಂಟಲ್ಲ ಎಂದು ಬಿಸ್ಕತ್ತಿನ ಡಬ್ಬಿ ತೆರೆದರೆ ಅದೂ ಇಲ್ಲ. ಅಮ್ಮನ ಮಾತಿರುವ ಕ್ಯಾಸೆಟ್ಟೆಂದು ತಿಳಿದು, ಅಣ್ಣನ ಗೆಳೆಯ ಕ್ಲಾರೆನ್ಸ ರಜೆ ಮುಗಿಸಿ ಹೊರಟಾಗ ಅವನ ಕೈಯಲ್ಲಿ ನೀನು ಬಹರೇನಿಗೆ ಕಳಿಸಿದ್ದು ಅದನ್ನೇ.

ಇನ್ನು ಮೇಲೆ ಒಂದು ಪ್ರತಿ ಪರ್ಕಳದಲ್ಲಿ, ತೆರೆಸಾ ಚಿಕ್ಕಮ್ಮನ ಕಪಾಟಿನಲ್ಲಿ. ನಿನ್ನ ಕೈಗೆ ಸಿಗದ ಜಾಗವೇ ಭದ್ರ. ಸದ್ಯಕ್ಕೆ ಅಂಥ ಜಾಗದಲ್ಲಿರುವುದು ಬಹರೇನಿನದ್ದೊಂದೇ.

ಅಮ್ಮನಿಗೆ ವಿಷಯ ನೀನೇ ಹೇಳು. ಇವತ್ತೇ ಅಂಚೆ ಕಚೇರಿಗೆ ಹೋಗಿ ಅಣ್ಣನಿಗೆ ಟ್ರಂಕ್ ಕಾಲ್ ಬುಕ್ ಮಾಡು. ಅಮ್ಮನ ಮಾತಿನ ಬದಲು ಬರೀ ಕಿರ್ರೋ ಎಂದು ಕೇಳಿದರೂ ಅದು ನನ್ನ ಆಟದ್ದೇ ಸದ್ದು, ಕ್ಯಾಸೆಟ್ ಎಸೆಯಬಾರದು ಎನ್ನು. ಯಾವಾಗಲೂ ಮಾಡುವ ಹಾಗೆ ಅದರ ಮೇಲೆಯೇ ತನ್ನ ಉತ್ತರ ತುಂಬಿಸಿ ಕಳಿಸಲೂಬಾರದು.

ಅಮ್ಮನ ಸ್ವರ ಇರುವ ಕ್ಯಾಸೆಟ್ ಮೇಜಿನ ಮೇಲುಂಟು. ಪ್ಲಾಸ್ಟರ್ ಕಿತ್ತು ಹಾಕಿದ್ದೇನೆ. ಅದನ್ನು ಇನ್ನು ಯಾರೂ ಅಳಿಸುವ ಹಾಗಿಲ್ಲ, ನಾನು ಕೂಡ.

ಲೊರ್ನಾ