ಕೊಮೇರ್ ಮತ್ತು ಜಗಲಿಯ ಎಲೆ

ಮೇಷ್ಟ್ರೇ,

ಪೂಜ್ಯರೇ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ನಿಮ್ಮ ವೈಕುಂಠ ಸಮಾರಾಧನೆಗೆಂದು ಹೊಳೆನರಸೀಪುರದ ನಿಮ್ಮ ಮನೆಗೆ ಹೋಗಿ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ನೆನಪಿದೆಯೇ, ನಾನು ನಿಮ್ಮ ಶಾಲೆಗೆ ಹೊಸ ಉಪಾಧ್ಯಾಯನಾಗಿ ಸೇರಿದ ವರ್ಷ? ಬೆಂಗಳೂರಿನ ಪಾದ್ರಿಗಳಿಂದ ಕಲಿತ ಲ್ಯಾಟಿನನ್ನು ಭಾನುವಾರಗಳಲ್ಲಿ ನನಗೆ ಹೇಳಿಕೊಡುತ್ತಿದ್ದಿರಿ. ಒಂದು ದಿನ ಊಟದ ಕ್ರಿಯಾಪದ ಹಿಡಿದುಕೊಂಡಿರಿ. ಲ್ಯಾಟಿನ್ನಿನಲ್ಲಿ ಎಡೆರೆ ಅಂದರೆ ಉಣ್ಣುವುದು. ತಲೆಗೆ ಕೊಂ ಸೇರಿಸಿದರೆ ಕೊಮೆಡೆರೆ, ಅದೇ ಸವೆದು ಸ್ಪೇನಿನವರ ಬಾಯಲ್ಲಿ ಕೊಮೇರ್. ಫ್ರೆಂಚರ ಮಾಂಜೆ ಬಂದದ್ದು ಮಾಂಡುಕಾರೆಯಿಂದ, ಅಂದರೆ ಅಗಿಯುವುದು. "ಫ್ರೆಂಚರು ಬರೀ ಅಗೀತಾರಯ್ಯಾ. ಸ್ಪೇನಿನವರು ನೋಡು, ಜೊತೇಲಿ ಕೂತು ಉಣ್ತಾರೆ! ಕೊಂ ಅಂದ್ರೆ ಜೊತೆ" ಎಂದು ತೊಡೆ ತಟ್ಟಿ ನಕ್ಕಿರಿ. ಅಷ್ಟರಲ್ಲಿ ನಿಮ್ಮ ಮನೆಯವರು, ನಾನು ಅಮ್ಮ ಅನ್ನುತ್ತಿದ್ದವರು, ಊಟಕ್ಕೆ ಕರೆದರು. ನೀವು ಒಳಗೆ ಹೋದಿರಿ. ನನ್ನ ಎಲೆ ಜಗಲಿಯ ಮೇಲಿತ್ತು.

ಒಕ್ಕಲು ಮನೆಯವನಿಗೆ ಅಲ್ಲೇ ತಾನೇ ಜಾಗ? ಉಂಡು, ಎಲೆ ಎತ್ತಿ, ಕೂತ ನೆಲಕ್ಕೆ ನಾನೇ ಸಗಣಿ ಸಾರಿಸಬೇಕು. ನಾನು ಪಾಠ ಹೇಳುವ ಹುಡುಗರು ಅದೇ ಬೀದಿಯಲ್ಲಿ ಹೋಗುವಾಗ... ಬಿಡಿ. ಪ್ರತಿಸಲವೂ ನೀವು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಒಂದಿನ ಇಬ್ರೂ ಒಟ್ಟಿಗೇ ಕೂರೋಣ ಕಣಯ್ಯಾ" ಅನ್ನುತ್ತಿದ್ದಿರಿ. ನಾನು ನಂಬಿ ಕಾದೆ.

ಕೊಣನೂರಿನಲ್ಲಿ ನಮ್ಮವ್ವ ಕೇಳಿದ್ದಳು, "ಅಷ್ಟೊಂದ್ ಓದ್ಕಂಡಿರೋ ಮೇಷ್ಟ್ರು, ಪಕ್ಕದಲ್ಲಿ ಕೂರುಸ್ಕಂಡು ಉಣ್ಣಕಿಕ್ತಾರೇನ್ಲಾ ಮಗಾ?" "ಊಂ ಕಣವ್ವಾ" ಎಂದೆ. ಉಳಿಸಿದ್ದು ನಿಮ್ಮ ಮರ್ಯಾದೆಯೋ, ನನ್ನದೋ?

ನೀವು ಹೋದ ಮೇಲೆ, ನೀವೇ ಕೊಟ್ಟಿದ್ದ ನಿಘಂಟು ತೆರೆದೆ. ಆ ಪದದಲ್ಲಿ ಕೊಂ ಎಂದರೆ ಜೊತೆ ಅಲ್ಲವಂತೆ, ಪೂರ್ತಿ ಅಂತೆ. ತಿಂದು ಮುಗಿಸುವುದು. ಗೊತ್ತಿದ್ದೂ ನನ್ನ ಸಮಾಧಾನಕ್ಕೆ ಹಾಗೆ ಹೇಳಿದಿರಾ? ಅರ್ಥವನ್ನೇ ತಿರುಗಿಸಬಲ್ಲವರಿಗೆ ಒಂದು ಎಲೆಯನ್ನು ಹೊಸ್ತಿಲು ದಾಟಿಸಲು ಯಾಕೆ...

ಸಮಾರಾಧನೆಯ ದಿನ, ಈ ರೇಷನ್ ಕಾಲದಲ್ಲೂ ನಿಮ್ಮ ಮಗ ಹೋಳಿಗೆ ಮಾಡಿಸಿದ್ದರು. ಪಡಸಾಲೆಯ ತುಂಬ ಎಲೆ ಹಾಕಿತ್ತು. "ನೀವು ಮಾಮೂಲು ಜಾಗದಲ್ಲೇ ಕೂತ್ಬಿಡಿ ಸಾರ್" ಎಂದರು. ಮಾಮೂಲು! ನಾನು ಚಪ್ಪಲಿ ಮೆಟ್ಟಿದೆ. ಅಮ್ಮ ಬಾಗಿಲವರೆಗೂ ಬಂದು, "ಉಣ್ಣದೆ ಹೋಗ್ತೀಯೇನಪ್ಪಾ? ಅವರು ನೊಂದ್ಕೋತಾರೆ" ಅಂದರು.

"ಒಟ್ಟಿಗೆ ಕೂರೋಣ ಅಂದಿದ್ರು ಅಮ್ಮಾ. ಅವರು ಬರಲಿ, ಕೂರ್ತೀನಿ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರನ್ನು ಅಳಿಸಿದ್ದಕ್ಕೂ ನನಗೆ ನಿಮ್ಮ ಮೇಲೆಯೇ ಕೋಪ.

ಬಸ್ಸಿಗೆ ಕಾಯುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು, ಮೇಷ್ಟ್ರೇ. ಆದರೆ ನಿಮ್ಮ ಜಗಲಿಯನ್ನು ಸಾರಿಸದೆ ಬಂದದ್ದು ಅದೇ ಮೊದಲು.