ನಾಲ್ಕನೆಯ ಸಾಲಿನ ಬಾಲ

ಕಂದಾವು ದ್ವೀಪ,
ಭಾನುವಾರ, ಇಗರ್ಜಿಯ ಪ್ರಾರ್ಥನೆ ಮುಗಿದ ಮೇಲೆ

ಸುವಾ ಪಟ್ಟಣದಲ್ಲಿ ಕುಳಿತು ಹಾಡಿನ ಮೂಳೆ ಎಣಿಸುತ್ತಿರುವ ಮೊಮ್ಮಗಳು ಉನೈಸಿಗೆ,

ಇಲ್ಲಿಂದಲೇ ಮುದ್ದಿಗೆ ನಿನ್ನ ಕೆನ್ನೆ ಮೂಸುತ್ತೇನೆ. ನಿನ್ನ ಕಾಗದವನ್ನು ಕನ್ನಡಕ ಒರೆಸಿ ಒರೆಸಿ ಓದಿದೆ. ನಾನು ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಛಂದಸ್ಸು ಅಂದರೆ ಹೊಸ ಔಷಧಿಯೇನೋ ಅಂದುಕೊಂಡೆ. ಆದರೆ ನಿನ್ನ ಕಿವಿ ಚುರುಕು. ನೀನು ಬರೆದದ್ದು ಸರಿ, ನಮ್ಮ ಆ ಹಾಡಿನ ಪ್ರತಿ ಸಾಲಿನ ಬಾಲದಲ್ಲೂ ಮೊದಲು ‘ಆ’, ಆಮೇಲೆ ‘ಇ’. ನಗಾರಿಗೆ ನಾವನ್ನುವ ಲಾಲಿ, ಆಕಾಶಕ್ಕೆ ಅನ್ನುವ ಲಾಂಗಿ, ಗಾಳಿಗೆ ಅನ್ನುವ ದಾಂಗಿ. ನಾಲ್ಕನೆಯ ಸಾಲು ಮಾತ್ರ ‘ಮನೆಗೆ ಬಾ’ ಎಂದು ನಿಂತುಬಿಡುತ್ತದೆ. ಅಲ್ಲಿ ನಾವು ಹೆಂಗಸರು ಅಂಗೈ ಬೋಗುಣಿ ಮಾಡಿ ಎರಡು ಚಪ್ಪಾಳೆ ತಟ್ಟಿ ಸುಮ್ಮನಾಗುತ್ತೇವೆ.

ನೀನು ಅದನ್ನು ತಪ್ಪು ಅಂದೆ. ರಿಪೇರಿಯನ್ನೂ ಮಾಡಿದೆ: ‘ಮನೆಗೆ ಬಾ, ಲೈಸಾನಿ.’ ಪ್ರಾಸ ಕೂಡಿತು, ತಾಳ ತುಂಬಿತು, ಮೇಷ್ಟ್ರು ಮೆಚ್ಚಿದರು. ಶುಕ್ರವಾರ ನೀನೂ ನಿನ್ನ ಕಾಲೇಜಿನ ಹುಡುಗಿಯರೂ ಕಡಲಿಗೆ ಮುಖ ಮಾಡಿ ಹಾಗೆಯೇ ಹಾಡುತ್ತೀರಂತೆ.

ಹಾಡಬೇಡಿ.

ಹಾಡು ಕಟ್ಟಿದ ಅಪೊರೋಸಾ ಮುದುಕನಿಗೆ ಸತ್ತವರು ನಿದ್ದೆಯಲ್ಲಿ ಹಾಡು ಹೇಳಿಕೊಡುತ್ತಿದ್ದರು. ಈ ಹಾಡು ಬಂದ ಬೆಳಿಗ್ಗೆ ನನ್ನ ನಾದಿನಿ ಲಿತಿಯಾ ಅವನನ್ನು ಕೆಣಕಿದಳು: “ಏನ್ ಅಜ್ಜ, ಕೊನೇ ಮಾತು ಬರೋಷ್ಟ್ರಲ್ಲಿ ನಿನ್ ಗೊರಕೆಗೆ ನೀನೇ ಎದ್ಬಿಟ್ಯಾ?”

ಅವನು ನಗಲಿಲ್ಲ. “ಪೂರ್ತಿ ಹೇಳಿದ್ರು ಕಣವ್ವ. ಆದ್ರೆ ಅದನ್ನ ಬಾಯಲ್ಲಿ ಅಂದ್ರೆ ಬಂದ್ಬಿಡ್ತಾಳೆ. ಬಂದೋಳು ಒಬ್ಳೇ ವಾಪಸ್ ಹೋಗಲ್ಲ,” ಅಂದ.

ಅದಕ್ಕೇ ಆ ಜಾಗ ಖಾಲಿ. ಅಲ್ಲಿ ಏನು ಕೂರಬೇಕೆಂದು ಪ್ರಾಸವೇ ಕಿವಿಯಲ್ಲಿ ಹೇಳುತ್ತದೆ. ನಾವು ಕರೆಯದೆಯೇ ನೆನೆಯುತ್ತೇವೆ. ಹೊಂದುವ ಹೆಸರುಗಳಿಗೇನು ಬರವೇ? ಮೆರೆಯಾನಿ ಇದೆ, ಲೋಸವತಿ ಇದೆ. ನಿನ್ನ ತಾಯಿ ಹುಟ್ಟುವ ಮೊದಲಿನಿಂದ ಈ ಮನೆಯಲ್ಲಿ ಯಾರೂ ಅನ್ನದ ಆ ಒಂದನ್ನೇ ಯಾಕೆ ತಂದೆ ಎಂದು ನಾನು ಕೇಳುವುದಿಲ್ಲ.

ಮೇಷ್ಟ್ರು ಅಂಕ ಕಳೆದರೆ ಕಳೆಯಲಿ. ಚಪ್ಪಾಳೆಯನ್ನು ಅದರ ಜಾಗದಲ್ಲಿ ಇಡು. ದೋಣಿಯಲ್ಲಿ ಕೆಸುವಿನ ಗಡ್ಡೆ ಕಳಿಸಿದ್ದೇನೆ, ಗೆಳತಿಯರಿಗೆ ಹಂಚಿ ದೊಡ್ಡಸ್ತಿಕೆ ತೋರಿಸದೆ ನೀನೂ ತಿನ್ನು.

ನಿನ್ನ ಬುಬು ಅಜ್ಜಿ,
ಮಾಕೆರೆತಾ

ಮರೆತ ಮಾತು: ಲೈಸಾನಿ ನನ್ನ ಮೊದಲ ಮಗಳು, ನಿನ್ನ ದೊಡ್ಡಮ್ಮ. ಪುಟ್ಟವಳಿದ್ದಾಗಲೇ ಹವಳದ ದಿಬ್ಬದ ಮೇಲೆ ಚಿಪ್ಪು ಆರಿಸಲು ಹೋದಳು. ಕಡಲು ತಿರುಗಿ ಕೊಡಲಿಲ್ಲ. ಆಮೇಲೆ ಬಂದದ್ದೇ ಈ ಹಾಡು. ಓದುತ್ತಾ ತೂಕಡಿಸಿದಾಗ ಯಾರೋ ಪುಟ್ಟ ಹುಡುಗಿ ಆ ಹೆಸರು ಹೇಳಿಕೊಟ್ಟಳು ಎಂದು ತಮಾಷೆಗೆ ಬರೆದಿದ್ದೀಯಲ್ಲ, ಮತ್ತೆ ಬಂದರೆ ಮಾತಾಡಿಸಬೇಡ. ಸುಮ್ಮನೆ ನೋಡಿ ನನಗೊಂದು ಸಾಲು ಬರೆ: ಅವಳ ಕೂದಲು ಒಣಗಿದೆಯೇ, ಇನ್ನೂ ಒದ್ದೆಯೇ?